ಐಬಿಡಿ ಇರುವವರಿಗೆ ವೈರಸ್ ಸೋಂಕು ತಗುಲಿದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಅಲ್ಸರೇಟಿವ್ ಕೊಲೈಟಿಸ್ ಅಥವಾ ಕ್ರೋನ್ಸ್ ಕಾಯಿಲೆಗೆ ಬೆಂಗಳೂರಿನಲ್ಲಿ ಚಿಕಿತ್ಸೆ ಪಡೆಯುತ್ತಿರುವವರಿಗೂ ಅವರನ್ನು ನೋಡಿಕೊಳ್ಳುವ ಮನೆಯವರಿಗೂ ಈ ಪುಟ. ಕರುಳಿನಲ್ಲಿ ದೀರ್ಘಕಾಲ ಉರಿಯೂತ ಉಂಟುಮಾಡುವ ಈ ಎರಡು ಕಾಯಿಲೆಗಳನ್ನು ಸೇರಿಸಿ ಐಬಿಡಿ ಎನ್ನುತ್ತಾರೆ. ಇಲ್ಲಿ ಕೊಟ್ಟಿರುವ ಡೋಸುಗಳನ್ನು ನೋಡಿ ಮನೆಯಲ್ಲೇ ಮಾತ್ರೆ ಬದಲಿಸಬೇಡಿ. ವೈದ್ಯರ ಮುಂದೆ ಕುಳಿತಾಗ ಏನು ನಡೆಯುತ್ತಿದೆ ಎಂದು ಅರ್ಥವಾಗಲಿ, ಸರಿಯಾದ ಪ್ರಶ್ನೆ ಕೇಳುವಂತಾಗಲಿ ಎಂದು ಅವನ್ನು ಬರೆದಿದ್ದೇವೆ.

ಸ್ಟೀರಾಯ್ಡ್ ಕೊಟ್ಟರೂ ರಕ್ತಭೇದಿ ನಿಲ್ಲುತ್ತಿಲ್ಲ. ಇದಕ್ಕೆ ವೈರಸ್ ಕಾರಣ ಇರಬಹುದೇ?

ಇರಬಹುದು. ಔಷಧಿ ಹಿಡಿಯದಿದ್ದಾಗ "ಕಾಯಿಲೆ ಜೋರಾಗಿದೆ, ಇನ್ನೂ ಬಲವಾದ ಔಷಧಿ ಬೇಕು" ಎಂಬ ಯೋಚನೆ ಎಲ್ಲರಿಗೂ ಬರುತ್ತದೆ. ಹಲವು ಸಲ ಅದೇ ನಿಜ. ಆದರೆ ಆ ತೀರ್ಮಾನಕ್ಕೆ ಬರುವ ಮೊದಲು ಒಂದು ಪ್ರಶ್ನೆಗೆ ಉತ್ತರ ಸಿಕ್ಕಿರಬೇಕು: ಕರುಳಿನ ಗೋಡೆಯಲ್ಲಿ ಇನ್ನೊಂದು ಸೋಂಕು ಸೇರಿಕೊಂಡಿದೆಯೇ? ದೇಹದ ರೋಗನಿರೋಧಕ ಶಕ್ತಿಯನ್ನು ಇನ್ನಷ್ಟು ತಗ್ಗಿಸುವ ಔಷಧಿಯನ್ನು ಸೋಂಕಿನ ಮೇಲೆ ಸುರಿದರೆ ಪರಿಸ್ಥಿತಿ ಕೈ ಮೀರಬಹುದು. ಸೋಂಕಿಗೆ ಮದ್ದು ಕೊಟ್ಟ ಮೇಲೆ ಅದೇ ಹಳೆಯ ಔಷಧಿ ಮತ್ತೆ ಕೆಲಸ ಮಾಡುವುದೂ ಉಂಟು.

ಹೀಗೆ ಹುಡುಕುವಾಗ ಎರಡು ಹೆಸರು ಮುಖ್ಯ. ಒಂದು ಸೈಟೋಮೆಗಾಲೊವೈರಸ್, ಎಲ್ಲರ ಬಾಯಲ್ಲೂ ಸಿಎಂವಿ. ಇನ್ನೊಂದು ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್. ಇದು ವೈರಸ್ ಅಲ್ಲ, ಬ್ಯಾಕ್ಟೀರಿಯಾ. ಆದರೂ ಭೇದಿ ನಿಲ್ಲದ ಪ್ರತಿಯೊಬ್ಬರಲ್ಲೂ ಮಲದ ಟಾಕ್ಸಿನ್ ಪರೀಕ್ಷೆ ಮಾಡಿಸಿ ಇದನ್ನು ನೋಡಲೇಬೇಕು.

ಸಿಎಂವಿ ನನಗೆ ಎಲ್ಲಿಂದ ಬಂತು?

ಬಹುಮಟ್ಟಿಗೆ ಚಿಕ್ಕಂದಿನಲ್ಲೇ ಬಂದಿರುತ್ತದೆ. ಇದು ಹರ್ಪಿಸ್ ಕುಟುಂಬದ ವೈರಸ್. ಎಂಜಲು, ಮೂತ್ರ, ತಾಯಿಯ ಹಾಲು ಇವುಗಳ ಮೂಲಕ ಹರಡುತ್ತದೆ. ನಮ್ಮ ದೇಶದ ವಯಸ್ಕರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ಒಮ್ಮೆ ತಗುಲಿಯೇ ಇರುತ್ತದೆ. ಮೊದಲ ಸಲ ಸಾಮಾನ್ಯ ಜ್ವರದಂತೆ ಬಂದು ಹೋಗುತ್ತದೆ, ಇಲ್ಲವೇ ಗೊತ್ತೇ ಆಗುವುದಿಲ್ಲ. ಆಮೇಲೆ ದೇಹ ಬಿಟ್ಟು ಹೋಗದೆ ರಕ್ತಕಣಗಳಲ್ಲಿ ನಿದ್ದೆ ಮಾಡುತ್ತಿರುತ್ತದೆ. ಕರುಳಿನಲ್ಲಿ ಉರಿಯೂತ ಜೋರಾದಾಗ ಆ ರಕ್ತಕಣಗಳು ಅಲ್ಲಿಗೆ ಧಾವಿಸುತ್ತವೆ. ಮೇಲಿಂದ ದೊಡ್ಡ ಪ್ರಮಾಣದ ಸ್ಟೀರಾಯ್ಡ್ ಬೇರೆ. ವೈರಸ್ ಎಚ್ಚರಗೊಳ್ಳಲು ಬೇಕಾದ ಎರಡೂ ಒಂದೇ ಜಾಗದಲ್ಲಿ ಸೇರಿದಂತಾಗುತ್ತದೆ. ಹಾಗಾಗಿ "ಹೋಟೆಲ್ ಊಟದಿಂದ ಬಂತೇ, ಆಸ್ಪತ್ರೆಯಲ್ಲಿ ಅಂಟಿತೇ" ಎಂದು ಯಾರನ್ನೂ ದೂರಬೇಕಿಲ್ಲ.

ಅಲ್ಸರೇಟಿವ್ ಕೊಲೈಟಿಸ್ ಇರುವವರಲ್ಲಿ ಇದು ಹೆಚ್ಚು, ಕ್ರೋನ್ಸ್ ಇರುವವರಲ್ಲಿ ಕಡಿಮೆ.

ಲ್ಯಾಬ್ ರಿಪೋರ್ಟಿನಲ್ಲಿ "ಸಿಎಂವಿ ಐಜಿಜಿ ಪಾಸಿಟಿವ್" ಎಂದಿದೆ. ಗಾಬರಿ ಆಗಬೇಕೇ?

ಬೇಡ. ಐಜಿಜಿ ಪಾಸಿಟಿವ್ ಎಂದರೆ ಯಾವಾಗಲೋ ಒಮ್ಮೆ ತಗುಲಿತ್ತು ಎಂದಷ್ಟೇ ಅರ್ಥ. ನಿಮ್ಮ ಅಕ್ಕಪಕ್ಕದ ಮನೆಯವರನ್ನೆಲ್ಲ ಪರೀಕ್ಷಿಸಿದರೂ ಹೆಚ್ಚಿನವರಿಗೆ ಹಾಗೇ ಬರುತ್ತದೆ. ಕರುಳಿನ ಸಿಎಂವಿ ಪತ್ತೆಗೆ ಈ ಪರೀಕ್ಷೆ ಉಪಯೋಗವಿಲ್ಲ. ರಕ್ತದ ಪಿಸಿಆರ್ ಸ್ವಲ್ಪ ವಾಸಿ, ಆದರೆ ಅದನ್ನೂ ಪೂರ್ತಿ ನಂಬುವಂತಿಲ್ಲ. ಕರುಳಿನಲ್ಲಿ ವೈರಸ್ ತುಂಬಿದ್ದು ರಕ್ತದಲ್ಲಿ ನೆಗೆಟಿವ್ ಬರುವುದಿದೆ, ರಕ್ತದಲ್ಲಿ ಚೂರು ಕಂಡರೂ ಕರುಳಿಗೆ ಏನೂ ಆಗಿರದೆ ಇರುವುದೂ ಇದೆ. ತೀರ್ಪು ಸಿಗುವುದು ಕರುಳಿನ ತುಣುಕಿನಲ್ಲಿ, ಅಂದರೆ ಬಯಾಪ್ಸಿಯಲ್ಲಿ.

ಬಯಾಪ್ಸಿ ಯಾವಾಗ ಮಾಡಿಸಬೇಕು? ಕಾದು ನೋಡಬಹುದಲ್ಲವೇ?

ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯವಿದ್ದರೆ ಇದನ್ನು ಓದಿ.

ದಿನಕ್ಕೆ 6 ಅಥವಾ ಅದಕ್ಕಿಂತ ಹೆಚ್ಚು ಸಲ ರಕ್ತ ಬೆರೆತ ಭೇದಿ, ಅದರ ಜೊತೆಗೆ ಇವುಗಳಲ್ಲಿ ಒಂದಾದರೂ ಇದ್ದರೆ: ನಾಡಿಮಿಡಿತ ನಿಮಿಷಕ್ಕೆ 90ಕ್ಕಿಂತ ಹೆಚ್ಚು, ಜ್ವರ 37.8 ಡಿಗ್ರಿ ಸೆಲ್ಸಿಯಸ್ (ಮನೆಯ ಥರ್ಮಾಮೀಟರಿನಲ್ಲಿ ಸುಮಾರು 100 ಫ್ಯಾರನ್‌ಹೀಟ್) ಮೀರಿದ್ದು, ಹಿಮೋಗ್ಲೋಬಿನ್ 10.5ಕ್ಕಿಂತ ಕೆಳಗೆ, ಉರಿಯೂತ ತೋರಿಸುವ ರಕ್ತಪರೀಕ್ಷೆಯಾದ ಇಎಸ್‌ಆರ್ 30ಕ್ಕಿಂತ ಮೇಲೆ. ಇದನ್ನು ತೀವ್ರ ಕೊಲೈಟಿಸ್ ಎನ್ನುತ್ತಾರೆ. 1955ರಲ್ಲಿ ಟ್ರೂಲವ್ ಮತ್ತು ವಿಟ್ಸ್ ಎಂಬ ಇಬ್ಬರು ವೈದ್ಯರು ಹಾಕಿಕೊಟ್ಟ ಈ ಅಳತೆಗೋಲನ್ನೇ ಇಂದಿಗೂ ಬಳಸುತ್ತಾರೆ. ಈ ಸ್ಥಿತಿಯಲ್ಲಿ ಅಡ್ಮಿಟ್ ಆಗಲೇಬೇಕು. ಸಾಮಾನ್ಯವಾಗಿ ಹೈಡ್ರೊಕಾರ್ಟಿಸೋನ್ ಎಂಬ ಸ್ಟೀರಾಯ್ಡನ್ನು 100 ಮಿ.ಗ್ರಾಂ. ಆರು ಗಂಟೆಗೊಮ್ಮೆ ರಕ್ತನಾಳಕ್ಕೆ ಕೊಡುತ್ತಾರೆ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಜಾತಿಯ ಚುಚ್ಚುಮದ್ದನ್ನೂ ಕೊಡುತ್ತಾರೆ. ರಕ್ತ ಬೀಳುತ್ತಿರುವಾಗ ರಕ್ತ ತೆಳುವಾಗಿಸುವ ಮದ್ದೇಕೆ ಎಂದು ಮನೆಯವರು ಹೆದರುವುದು ಸಹಜ. ಆದರೆ ಈ ಕಾಯಿಲೆ ಉಲ್ಬಣಿಸಿದಾಗ ರಕ್ತ ಹೆಪ್ಪುಗಟ್ಟುವ ಅಪಾಯ ನಿಜಕ್ಕೂ ದೊಡ್ಡದು.

ಈ ಸ್ಟೀರಾಯ್ಡಿಗೆ ಸುಮಾರು ಮೂರರಲ್ಲಿ ಒಬ್ಬರು ಸ್ಪಂದಿಸುವುದಿಲ್ಲ. ಅದನ್ನು ಮೂರನೇ ದಿನ ಅಳೆಯುತ್ತಾರೆ. ಆ ದಿನ ಭೇದಿ 8ಕ್ಕಿಂತ ಹೆಚ್ಚು ಸಲ ಆದರೆ, ಅಥವಾ 3ರಿಂದ 8 ಸಲ ಆಗಿ ರಕ್ತದಲ್ಲಿ ಉರಿಯೂತದ ಮಟ್ಟ ತೋರಿಸುವ ಸಿಆರ್‌ಪಿ 45 ಮೀರಿದ್ದರೆ, ಸ್ಟೀರಾಯ್ಡ್ ಒಂದನ್ನೇ ನಂಬಿ ಕೂರುವಂತಿಲ್ಲ. 1996ರಲ್ಲಿ ಆಕ್ಸ್‌ಫರ್ಡ್‌ನಿಂದ ಬಂದ ಅಧ್ಯಯನದಲ್ಲಿ ಇಂಥವರ ಪೈಕಿ ಶೇ. 85 ಮಂದಿಗೆ ಅದೇ ಅಡ್ಮಿಷನ್ನಿನಲ್ಲಿ ದೊಡ್ಡ ಕರುಳು ತೆಗೆಯಬೇಕಾಗಿ ಬಂದಿತ್ತು. ಈಗ ಇನ್‌ಫ್ಲಿಕ್ಸಿಮ್ಯಾಬ್, ಸೈಕ್ಲೊಸ್ಪೊರಿನ್ ಎಂಬ, ರೋಗನಿರೋಧಕ ಶಕ್ತಿ ತಗ್ಗಿಸುವ ಬಲವಾದ ಔಷಧಿಗಳಿವೆ. ಆದರೆ ಯಾವುದನ್ನು ಕೊಡಬೇಕೆಂದು ಮೂರನೇ ದಿನ ನಿರ್ಧರಿಸಬೇಕಾದರೆ ಬಯಾಪ್ಸಿ ಫಲಿತಾಂಶ ಅಷ್ಟರಲ್ಲಿ ಕೈಯಲ್ಲಿರಬೇಕು. ರಿಪೋರ್ಟ್ ಬರಲು ಒಂದೆರಡು ದಿನ ಬೇಕು. ಮೂರನೇ ದಿನ ತುಣುಕು ತೆಗೆದರೆ ಐದನೇ ದಿನದವರೆಗೆ ಕಾಯುತ್ತಾ ಕೂರಬೇಕಾಗುತ್ತದೆ. ಆದ್ದರಿಂದ ಅಡ್ಮಿಟ್ ಆದ ಮೊದಲ ದಿನವೇ, ಹೆಚ್ಚೆಂದರೆ ಮರುದಿನ, ಚಿಕ್ಕ ಸಿಗ್ಮಾಯ್ಡೊಸ್ಕೋಪಿ (ಕ್ಯಾಮೆರಾ ಕೊಳವೆಯಿಂದ ದೊಡ್ಡ ಕರುಳಿನ ಕೊನೆಯ ಭಾಗ ನೋಡುವುದು) ಮಾಡಿ ತುಣುಕು ತೆಗೆಸಿ. "ಸಿಎಂವಿಗೆ ಕಳಿಸಿದ್ದೀರಾ ಸಾರ್?" ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಇಷ್ಟು ಸುಸ್ತಿರುವಾಗ ಕೊಲೊನೊಸ್ಕೋಪಿ ತಡೆಯಲು ಆಗುತ್ತದೆಯೇ?

ಪೂರ್ತಿ ಕೊಲೊನೊಸ್ಕೋಪಿ ಬೇಕಿಲ್ಲ. ತೀವ್ರ ಕೊಲೈಟಿಸ್‌ನಲ್ಲಿ ಅದು ಅಪಾಯಕಾರಿಯೂ ಹೌದು, ಊದಿಕೊಂಡ ಕರುಳು ತೂತಾಗಬಹುದು. ಹೊಟ್ಟೆ ತೊಳೆಯುವ ಆ ಲೀಟರುಗಟ್ಟಲೆ ಔಷಧಿ ಕುಡಿಯಬೇಕಿಲ್ಲ. ಎನಿಮಾ ಕೊಟ್ಟು ಅಥವಾ ಅದೂ ಇಲ್ಲದೆ, ಗುದದ್ವಾರದಿಂದ ಕೆಲವೇ ಅಂಗುಲ ಒಳಗೆ ನೋಡಿದರೆ ಸಾಕು. ಐದು ಹತ್ತು ನಿಮಿಷದ ಕೆಲಸ.

ಎಡವಟ್ಟು ಆಗುವುದು ಬೇರೆ ಕಡೆ. ಕೆಂಪಾದ ಜಾಗದಿಂದ ಎರಡೇ ತುಣುಕು ತೆಗೆದರೆ ವೈರಸ್ ಕೈತಪ್ಪಿ ಹೋಗಬಹುದು, ಏಕೆಂದರೆ ಅದು ಎಲ್ಲೆಡೆ ಸಮನಾಗಿ ಹರಡಿರುವುದಿಲ್ಲ. ಹುಣ್ಣಿನ ತಳದಿಂದಲೂ ಅಂಚಿನಿಂದಲೂ ಹಲವು ತುಣುಕು ಬೇಕು. ಹತ್ತರ ಆಸುಪಾಸು ತೆಗೆದರೆ ಭರವಸೆ ಇಡಬಹುದು. ಎರಡನೆಯ ಎಡವಟ್ಟು ಡಬ್ಬಿಯದು. ಸೂಕ್ಷ್ಮದರ್ಶಕದಲ್ಲಿ ನೋಡುವ ತುಣುಕು ಫಾರ್ಮಲಿನ್ ಇರುವ ಡಬ್ಬಿಗೆ ಹೋಗಬೇಕು. ಪಿಸಿಆರ್‌ಗೆ ಕಳಿಸುವ ತುಣುಕು ಬೇರೆಯೇ ಡಬ್ಬಿಯಲ್ಲಿ, ಬರೀ ಸಲೈನಿನಲ್ಲಿ, ತಂಪಾಗಿ ಹೋಗಬೇಕು. ಫಾರ್ಮಲಿನ್ ವೈರಸ್ಸಿನ ಡಿಎನ್‌ಎಯನ್ನು ಚೂರು ಚೂರು ಮಾಡುತ್ತದೆ, ಅದರಿಂದ ಪಿಸಿಆರ್ ಮಂಕಾಗುತ್ತದೆ. ಎಲ್ಲವನ್ನೂ ಒಂದೇ ಡಬ್ಬಿಗೆ ಹಾಕಿ ಮೂಟೆ ಕಟ್ಟಿದ ಮೇಲೆ ಈ ತಪ್ಪು ಸರಿಹೋಗುವುದಿಲ್ಲ. ಸ್ಯಾಂಪಲ್ ಹೊರಗಿನ ಲ್ಯಾಬಿಗೆ ನೀವೇ ಒಯ್ಯುವುದಾದರೆ ಡಬ್ಬಿ ಎರಡಿವೆಯೇ, ಎರಡರ ಮೇಲೂ ಹೆಸರು, ಸಮಯ ಬರೆದಿದೆಯೇ ಎಂದು ನೋಡಿಕೊಂಡೇ ಹೊರಡಿ.

ರಿಪೋರ್ಟಿನಲ್ಲಿ ಏನನ್ನು ನೋಡಬೇಕು?

ವೈರಸ್ ಹೊಕ್ಕ ಜೀವಕೋಶ ಪಕ್ಕದವುಗಳಿಗಿಂತ ಎರಡು ಮೂರು ಪಟ್ಟು ಉಬ್ಬಿರುತ್ತದೆ. ನಡುವೆ ಕಡು ನೇರಳೆ ಬಣ್ಣದ ಗುಂಡು, ಅದರ ಸುತ್ತ ಬಿಳಿ ಬಳೆ. ನೋಡಲು ಥೇಟ್ ಗೂಬೆಯ ಕಣ್ಣು, ವೈದ್ಯರು ಅದನ್ನು ಕರೆಯುವುದೂ ಹಾಗೆಯೇ. ಇದು ಕಂಡರೆ ರೋಗ ಖಚಿತ. ಆದರೆ ಎಷ್ಟೋ ಸಲ ಕಾಣಿಸುವುದಿಲ್ಲ, ಅದಕ್ಕೇ ಇಮ್ಯುನೊಹಿಸ್ಟೊಕೆಮಿಸ್ಟ್ರಿ ಎಂಬ ವಿಶೇಷ ಬಣ್ಣದ ಪರೀಕ್ಷೆ ಕೇಳಬೇಕು. ಎಷ್ಟು ಕೋಶಗಳಲ್ಲಿ ವೈರಸ್ ಕಂಡಿತು ಎಂಬ ಸಂಖ್ಯೆಯೂ ಮುಖ್ಯ. ಒಂದು ಸ್ಲೈಡಿನಲ್ಲಿ ಐದು ಅಥವಾ ಹೆಚ್ಚು ಕಂಡವರಿಗೆ ವೈರಸ್ ವಿರೋಧಿ ಔಷಧಿಯಿಂದ ಲಾಭ ಸ್ಪಷ್ಟ. ಬಣ್ಣದ ಪರೀಕ್ಷೆ ನೆಗೆಟಿವ್ ಆಗಿ ಪಿಸಿಆರ್‌ನಲ್ಲಿ ಮಾತ್ರ ಚೂರು ಬಂದರೆ, ವೈರಸ್ ಸುಮ್ಮನೆ ದಾರಿಹೋಕನಾಗಿ ಅಲ್ಲಿರಬಹುದು. ಅಂಥ ಕಡೆ ವೈದ್ಯರು ರೋಗಿಯ ಸ್ಥಿತಿ ನೋಡಿ ನಿರ್ಧರಿಸುತ್ತಾರೆ, ಒಬ್ಬೊಬ್ಬರ ನಿರ್ಧಾರ ಒಂದೊಂದು ಥರ ಇರುವುದೂ ಅದಕ್ಕೇ.

ಸಿಎಂವಿ ಇದೆ ಎಂದಾದರೆ ಚಿಕಿತ್ಸೆ ಹೇಗೆ?

ಗ್ಯಾನ್ಸಿಕ್ಲೊವಿರ್, ದೇಹದ ತೂಕದ ಪ್ರತಿ ಕಿಲೋಗೆ 5 ಮಿ.ಗ್ರಾಂ., 12 ಗಂಟೆಗೊಮ್ಮೆ. 60 ಕಿಲೋ ತೂಕದವರಿಗೆ ಒಂದು ಸಲಕ್ಕೆ 300 ಮಿ.ಗ್ರಾಂ. ಡ್ರಿಪ್ಪಿನಲ್ಲಿ ಸುಮಾರು ಒಂದು ಗಂಟೆ ನಿಧಾನವಾಗಿ ಹರಿಸಬೇಕು. ಕೆಲವು ದಿನಗಳಲ್ಲಿ ಭೇದಿ ಇಳಿದು, ಬಾಯಲ್ಲಿ ತೆಗೆದುಕೊಂಡದ್ದು ಮೈಗೆ ಹತ್ತುವಂತಾದ ಮೇಲೆ ವಾಲ್‌ಗ್ಯಾನ್ಸಿಕ್ಲೊವಿರ್ ಮಾತ್ರೆಗೆ ಬದಲಿಸುತ್ತಾರೆ: 900 ಮಿ.ಗ್ರಾಂ. ದಿನಕ್ಕೆರಡು ಸಲ, ಅಂದರೆ 450ರ ಎರಡೆರಡು ಮಾತ್ರೆ. ಒಟ್ಟು ಎರಡರಿಂದ ಮೂರು ವಾರ.

ಕಿಡ್ನಿ ಮಂಕಾಗಿದ್ದರೆ ಡೋಸ್ ಕಡಿಮೆ ಮಾಡಲೇಬೇಕು, ಅದಕ್ಕಾಗಿ ಕ್ರಿಯಾಟಿನಿನ್ ನೋಡುತ್ತಾರೆ. ದೊಡ್ಡ ತೊಂದರೆ ಎಂದರೆ ಬಿಳಿ ರಕ್ತಕಣ ಕುಸಿಯುವುದು. ವಾರಕ್ಕೆ ಎರಡು ಸಲ ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆ, ಮಾಡಿಸಬೇಕು. ನ್ಯೂಟ್ರೊಫಿಲ್ ಎಂಬ ಬಿಳಿ ಕಣ 500ಕ್ಕಿಂತ ಕೆಳಗಿಳಿದರೆ ಔಷಧಿ ನಿಲ್ಲಿಸಬೇಕಾಗುತ್ತದೆ. ಐಬಿಡಿಗೆ ಕೊಡುವ, ರೋಗನಿರೋಧಕ ಶಕ್ತಿ ತಗ್ಗಿಸುವ ಅಜಾಥಿಯೊಪ್ರಿನ್ ಮಾತ್ರೆ ಕೂಡ ಅದೇ ರಕ್ತಕಣಗಳನ್ನು ಇಳಿಸುವುದರಿಂದ ಎರಡನ್ನೂ ಒಟ್ಟಿಗೆ ಕೊಡುವುದು ಅಪಾಯ.

ವಾಲ್‌ಗ್ಯಾನ್ಸಿಕ್ಲೊವಿರ್ ಮಾತ್ರೆಯನ್ನು ಊಟದ ಜೊತೆ ನುಂಗಬೇಕು. ಮುರಿಯಬಾರದು, ಪುಡಿ ಮಾಡಬಾರದು. ಭ್ರೂಣಕ್ಕೆ ಹಾನಿ ಮಾಡುವ ಔಷಧಿ ಇದು. ಮಾತ್ರೆಯ ಪುಡಿಯನ್ನು ಗರ್ಭಿಣಿಯರು ಮುಟ್ಟಲೂಬಾರದು. ಔಷಧಿ ಮುಗಿದ ಮೇಲೆ ಹೆಂಗಸರು 30 ದಿನ, ಗಂಡಸರು 90 ದಿನ ಗರ್ಭ ನಿಲ್ಲದಂತೆ ಎಚ್ಚರ ವಹಿಸಬೇಕು.

ಹಾಗಾದರೆ ಸ್ಟೀರಾಯ್ಡ್, ಬಯಾಲಜಿಕ್ ಎಲ್ಲ ನಿಲ್ಲಿಸಬೇಕೇ?

ಸ್ಟೀರಾಯ್ಡನ್ನು ಸಾಧ್ಯವಾದಷ್ಟು ಬೇಗ ಇಳಿಸುತ್ತಾರೆ, ಏಕೆಂದರೆ ವೈರಸ್ಸಿಗೆ ನೆರವಾಗುವುದು ಮುಖ್ಯವಾಗಿ ಅದೇ. ಆದರೆ ಒಮ್ಮೆಲೇ ನಿಲ್ಲಿಸುವಂತಿಲ್ಲ. ಬಯಾಲಜಿಕ್ ಎಂದು ಕರೆಯುವ ಇಂಜೆಕ್ಷನ್‌ಗಳಲ್ಲಿ ಒಂದಾದ ಇನ್‌ಫ್ಲಿಕ್ಸಿಮ್ಯಾಬ್ ಕತೆ ಬೇರೆ. ಅದು ತಡೆಯುವ ಟಿಎನ್‌ಎಫ್ ಎಂಬ ರಾಸಾಯನಿಕವೇ ನಿದ್ದೆಯಲ್ಲಿರುವ ಸಿಎಂವಿಯನ್ನು ಎಬ್ಬಿಸುವವುಗಳಲ್ಲಿ ಒಂದು. ಹಾಗಾಗಿ ಗ್ಯಾನ್ಸಿಕ್ಲೊವಿರ್ ನಡೆಯುತ್ತಿರುವಾಗಲೇ ಇನ್‌ಫ್ಲಿಕ್ಸಿಮ್ಯಾಬ್ ಕೊಡುವುದುಂಟು. ಮೊದಲ ಸಲ ಕೇಳಿದವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ಆದರೆ ಉರಿಯುತ್ತಿರುವ ಕರುಳನ್ನು ಹಾಗೇ ಬಿಟ್ಟು ವೈರಸ್ಸಿಗೆ ಮಾತ್ರ ಮದ್ದು ಹಾಕಿದರೂ ಕರುಳು ಉಳಿಯುವುದಿಲ್ಲ.

ವೈರಸ್ ಕರುಳು ದಾಟಿ ಶ್ವಾಸಕೋಶ, ಲಿವರ್, ಮೂಳೆಮಜ್ಜೆಗೆ ಹಬ್ಬಿದ್ದರೆ ಮಾತ್ರ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿಗಳನ್ನೆಲ್ಲ ನಿಲ್ಲಿಸುತ್ತಾರೆ. ಬಿಡದ ಜ್ವರ, ಉಸಿರಾಟದ ತೊಂದರೆ, ಏರಿದ ಲಿವರ್ ಎನ್‌ಜೈಮ್, ಬಿದ್ದುಹೋದ ರಕ್ತಕಣಗಳು ಅದರ ಸುಳಿವು.

ಮತ್ತೊಂದು ಮಾತು. ಎಲ್ಲವೂ ಸರಿಯಾಗಿ ನಡೆದೂ ಕೆಲವರಿಗೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. "ಇನ್ನೊಂದು ವಾರ ನೋಡೋಣ" ಎಂದು ಮುಂದೂಡುತ್ತಾ ರೋಗಿ ಸೋತುಹೋದ ಮೇಲೆ ಆಪರೇಷನ್‌ಗೆ ಒಪ್ಪುವುದಕ್ಕಿಂತ, ಸರ್ಜನ್ ಮೊದಲ ವಾರವೇ ಬಂದು ನೋಡಿರುವುದು ಒಳ್ಳೆಯದು.

ಎರಡು ದಿನದಿಂದ ಭೇದಿ. ಕಾಯಿಲೆ ಮರುಕಳಿಸಿದೆಯೇ, ಅಥವಾ ಬರೀ ಹೊಟ್ಟೆ ಕೆಟ್ಟಿದೆಯೇ?

ಏಕಾಏಕಿ ಶುರುವಾಗಿ, ವಾಂತಿ ಜೊತೆಗಿದ್ದು, ನೀರಿನಂತೆ ಹೋಗುತ್ತಿದ್ದು, ಮನೆಯ ಇನ್ನೊಬ್ಬರಿಗೂ ಹಾಗೇ ಆಗಿದ್ದರೆ ನೊರೊವೈರಸ್, ರೋಟಾವೈರಸ್‌ನಂಥ ಸೋಂಕಿರಬಹುದು. ಬಹುತೇಕ ಎರಡು ಮೂರು ದಿನಕ್ಕೆ ತಗ್ಗುತ್ತದೆ. ನಿಧಾನವಾಗಿ ಏರುತ್ತಾ, ರಕ್ತ, ಲೋಳೆ ಬೀಳುತ್ತಾ, ರಾತ್ರಿ ನಿದ್ದೆಯಿಂದ ಎಬ್ಬಿಸುತ್ತಿದ್ದರೆ ಕಾಯಿಲೆಯೇ ಮರುಕಳಿಸಿರಬಹುದು. ಎರಡೂ ಒಟ್ಟಿಗೆ ಬರಬಹುದು ಎಂಬುದೇ ಕಷ್ಟ.

ಮೊದಲ ಎರಡು ದಿನ ಓಆರ್‌ಎಸ್. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೀಟರಿಗೇ ಕಲಸಿ. ಲೋಟಕ್ಕೆ ಚೂರು ಚೂರು ಹಾಕಿದರೆ ಉಪ್ಪಿನ ಪ್ರಮಾಣ ಕೆಡುತ್ತದೆ. ಗಂಜಿ, ಉಪ್ಪು ಹಾಕಿದ ನೀರು ಮಜ್ಜಿಗೆ ನಡೆಯುತ್ತದೆ. ಎಳನೀರು ಓಆರ್‌ಎಸ್‌ಗೆ ಬದಲಿಯಲ್ಲ, ಅದರಲ್ಲಿ ಸೋಡಿಯಂ ಕಡಿಮೆ. ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗಬೇಡಿ. ಕರುಳು ತೀವ್ರವಾಗಿ ಉರಿಯುತ್ತಿದ್ದರೆ ಅದು ಊದಿಕೊಂಡು ಪ್ರಾಣಕ್ಕೇ ಕುತ್ತು ತರಬಹುದು. ಮೂರನೇ ದಿನವೂ ನಿಲ್ಲದಿದ್ದರೆ, ರಕ್ತ ಕಂಡರೆ, ಅಥವಾ ಹೊಟ್ಟೆ ಉಬ್ಬಿ ಗಟ್ಟಿಯಾದರೆ ಆಸ್ಪತ್ರೆಗೆ.

ಕರುಳಿನ ಉರಿಯೂತ ಅಳೆಯುವ, ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆಯನ್ನು ಈ ಗದ್ದಲದಲ್ಲಿ ಮಾಡಿಸಿ ಕಂಗೆಡಬೇಡಿ. ಸೋಂಕಿನಲ್ಲೂ ಅದು ಏರುತ್ತದೆ, ನೋವಿನ ಮಾತ್ರೆ ನುಂಗಿದರೂ ಏರುತ್ತದೆ. ಹೊಟ್ಟೆ ಸರಿಹೋಗಿ ಕೆಲವು ವಾರ ಕಳೆದ ಮೇಲೂ 250 ದಾಟಿದ್ದರೆ ಆಗ ಅದಕ್ಕೆ ಅರ್ಥವಿದೆ.

ಬೆಂಗಳೂರಿನ ನೀರಿನ ಬಗ್ಗೆ: ಮನೆಗೆ ಕಾವೇರಿ ಬರಲಿ, ಬೋರ್‌ವೆಲ್ ಬರಲಿ, ಟ್ಯಾಂಕರ್ ಬರಲಿ, ಕೊನೆಗೆ ಅದು ನಿಲ್ಲುವುದು ನಿಮ್ಮ ಸಂಪಿನಲ್ಲಿ. ಸಂಪಿನ ಪಕ್ಕ ಒಳಚರಂಡಿ ಸೋರಿದರೆ ಹೆಪಟೈಟಿಸ್ ಎ, ಹೆಪಟೈಟಿಸ್ ಇ ಎರಡಕ್ಕೂ ದಾರಿ. ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿ ಆರಿಸಿದ ನೀರು ಕುಡಿಯಿರಿ. ಪಾನಿಪುರಿಯ ಪಾನಿ, ರಸ್ತೆ ಬದಿಯ ಕತ್ತರಿಸಿದ ಹಣ್ಣು ಇವೆರಡನ್ನು ಬಿಟ್ಟರೆ ದೊಡ್ಡ ಪಾಲು ಅಪಾಯ ಕಳೆಯಿತು. ದರ್ಶಿನಿಯ ಬಿಸಿ ಇಡ್ಲಿಗೆ ಹೆದರಬೇಕಿಲ್ಲ.

ಜ್ವರ ಬಂದಿದೆ. ಯಾವ ಮಾತ್ರೆ ನಿಲ್ಲಿಸಲಿ, ಯಾವುದು ಮುಂದುವರಿಸಲಿ?

ಮೊದಲು ವೈದ್ಯರಿಗೆ ಫೋನ್ ಮಾಡಿ. ಅವರು ಸಾಮಾನ್ಯವಾಗಿ ಯೋಚಿಸುವ ರೀತಿ ಇದು.

ಮೆಸಲಮೈನ್ ರೋಗನಿರೋಧಕ ಶಕ್ತಿ ತಗ್ಗಿಸುವುದಿಲ್ಲ, ಮುಂದುವರಿಯುತ್ತದೆ. ಸ್ಟೀರಾಯ್ಡ್ ಎಂದೂ ತಟ್ಟನೆ ನಿಲ್ಲಿಸಬಾರದು. ವಾರಗಟ್ಟಲೆ ಪ್ರೆಡ್ನಿಸೊಲೋನ್ ನುಂಗಿದವರ ಅಡ್ರಿನಲ್ ಗ್ರಂಥಿ ಮಲಗಿರುತ್ತದೆ. ಜ್ವರದ ನಡುವೆ ಮಾತ್ರೆ ನಿಂತರೆ ಬಿಪಿ ಕುಸಿದು ಬೀಳುತ್ತಾರೆ. ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಇಂಜೆಕ್ಷನ್ ಬೇಕು, ಅದು ತುರ್ತು. ಅಜಾಥಿಯೊಪ್ರಿನ್ ಅನ್ನು ತೀವ್ರ ವೈರಲ್ ಜ್ವರದಲ್ಲಿ, ಅದರಲ್ಲೂ ಬಿಳಿ ಕಣ ಇಳಿದಿದ್ದರೆ, ನಿಲ್ಲಿಸಿ ಇಡುತ್ತಾರೆ. ಕೆಲವು ದಿನ ಬಿಟ್ಟರೆ ಕಾಯಿಲೆ ಕೆರಳುವುದಿಲ್ಲ, ಅದರ ಪರಿಣಾಮ ಅಷ್ಟು ನಿಧಾನ. ರೋಗನಿರೋಧಕ ಶಕ್ತಿ ತಗ್ಗಿಸುವ ಇನ್ನೊಂದು ಮಾತ್ರೆ ಟೊಫಾಸಿಟಿನಿಬ್ ಹಾಗಲ್ಲ, ಒಂದೆರಡು ದಿನದಲ್ಲಿ ಮೈಯಿಂದ ಹೊರಟುಹೋಗುತ್ತದೆ. ಸೋಂಕಿನಲ್ಲಿ ಅದು ಅನುಕೂಲ, ಆದರೆ ಬಹಳ ದಿನ ಬಿಟ್ಟರೆ ಭೇದಿ ಬೇಗ ಮರಳುತ್ತದೆ. ಇನ್‌ಫ್ಲಿಕ್ಸಿಮ್ಯಾಬ್, ಅಡಲಿಮ್ಯುಮ್ಯಾಬ್ ಸರದಿ ಇದ್ದರೆ ಜ್ವರ ಇಳಿದ ಮೇಲೆ ಹಾಕಿಸುತ್ತಾರೆ. ಬರೀ ನೆಗಡಿಗೆ ಯಾವುದನ್ನೂ ನಿಲ್ಲಿಸಬೇಕಿಲ್ಲ.

ಅಂಗಡಿಯಲ್ಲಿ ಜ್ವರದ ಮಾತ್ರೆ ಯಾವುದು ಕೇಳಲಿ?

ಪ್ಯಾರಸಿಟಮಾಲ್ ಮಾತ್ರ. ಡೋಲೊ 650 ಅದೇ. ಕಾಂಬಿಫ್ಲಾಮ್‌ನಲ್ಲಿ ಪ್ಯಾರಸಿಟಮಾಲ್ ಜೊತೆ ಐಬುಪ್ರೊಫೆನ್ ಸೇರಿದೆ, ಅದು ಬೇಡ. ಡೈಕ್ಲೊಫೆನಾಕ್ ಬೇಡ. ಇವು ಕರುಳಿನ ಕಾಯಿಲೆಯನ್ನು ಕೆರಳಿಸಬಹುದು, ಡೆಂಗಿ ಇದ್ದರೆ ರಕ್ತಸ್ರಾವಕ್ಕೂ ದಾರಿ ಮಾಡುತ್ತವೆ. ಹೆಸರಿಲ್ಲದ ಮೂರು ಬಣ್ಣದ ಮಾತ್ರೆಗಳನ್ನು ಕಾಗದದಲ್ಲಿ ಸುತ್ತಿ "ಒಂದೇ ಸಲಕ್ಕೆ ಹೋಗುತ್ತೆ" ಎಂದು ಕೊಟ್ಟರೆ ತೆಗೆದುಕೊಳ್ಳಲೇಬೇಡಿ.

ಡೆಂಗಿ ಬಂದರೆ ಐಬಿಡಿ ಇರುವವರು ಏನನ್ನು ವಿಶೇಷವಾಗಿ ನೋಡಬೇಕು?

ಮಳೆಗಾಲದ ಬೆಂಗಳೂರಿನಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಎಂದೇ ಘೋಷಿಸಿತ್ತು.

ಗೊಂದಲ ಎಲ್ಲಿ ಎಂದರೆ, ಡೆಂಗಿಯ ಅಪಾಯದ ಸೂಚನೆಗಳಾದ ಹೊಟ್ಟೆನೋವು, ನಿಲ್ಲದ ವಾಂತಿ, ಮಲದಲ್ಲಿ ರಕ್ತ ಇವೆಲ್ಲ ನಿಮಗೆ ಹಳೆಯ ಪರಿಚಯ. "ಇದು ನನ್ನ ಮಾಮೂಲಿ ಕಾಯಿಲೆ" ಎಂದು ಮನೆಯಲ್ಲೇ ಉಳಿಯುವವರಿಗೇ ಹೆಚ್ಚು ಅಪಾಯ. ಜ್ವರದ ಮೊದಲ ಐದು ದಿನದೊಳಗೆ ಎನ್‌ಎಸ್‌1, ಆಮೇಲಾದರೆ ಐಜಿಎಂ ಪರೀಕ್ಷೆ. ಮೂರನೇ ದಿನದಿಂದ ಪ್ರತಿದಿನ ಸಿಬಿಸಿ. ಎಲ್ಲರ ಕಣ್ಣೂ ಪ್ಲೇಟ್‌ಲೆಟ್ ಮೇಲಿರುತ್ತದೆ. ಅದೇ ಹಾಳೆಯಲ್ಲಿ ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಎಂಬ ಸಾಲೂ ಇದೆ. ಅದು ಏರುತ್ತಿದ್ದರೆ ರಕ್ತನಾಳದಿಂದ ನೀರಿನಂಶ ಸೋರುತ್ತಿದೆ ಎಂದರ್ಥ, ನಿಜವಾದ ಅಪಾಯ ಅಲ್ಲಿದೆ. ಆದರೆ ಕರುಳಿನಿಂದ ರಕ್ತ ಹೋಗುತ್ತಿರುವವರಲ್ಲಿ ಪಿಸಿವಿ ಏರದೆಯೂ ಇರಬಹುದು. ಅದಕ್ಕಾಗಿ ನಿಮ್ಮ ಹಳೆಯ ರಿಪೋರ್ಟ್ ಕೈಯಲ್ಲಿರಲಿ, ವೈದ್ಯರು ಹೋಲಿಸಿ ನೋಡುತ್ತಾರೆ. ಅಜಾಥಿಯೊಪ್ರಿನ್ ನುಂಗುವವರಿಗೆ ಮೊದಲೇ ಕಣಗಳು ಸ್ವಲ್ಪ ಕಡಿಮೆ ಇರಬಹುದು ಎಂಬುದಕ್ಕೂ ಅದೇ ಸಾಕ್ಷಿ.

ಜ್ವರ ಇಳಿಯಿತು ಎಂದು ನಿಟ್ಟುಸಿರು ಬಿಡುವ ಆ ಒಂದೆರಡು ದಿನವೇ ಅತಿ ಎಚ್ಚರದ ಸಮಯ.

ಬಯಾಲಜಿಕ್ ಶುರು ಮಾಡುವ ಮೊದಲು ಹೆಪಟೈಟಿಸ್ ಬಿ ಪರೀಕ್ಷೆ ಏಕೆ?

ಲಿವರ್‌ನಲ್ಲಿ ಸದ್ದಿಲ್ಲದೆ ಕೂತಿರುವ ಹೆಪಟೈಟಿಸ್ ಬಿ ವೈರಸ್, ಸ್ಟೀರಾಯ್ಡ್ ಅಥವಾ ಇನ್‌ಫ್ಲಿಕ್ಸಿಮ್ಯಾಬ್ ಬಿದ್ದಾಗ ಎದ್ದು ಲಿವರ್ ಪೂರ್ತಿ ಕೆಡಿಸಬಲ್ಲದು. ತಡೆಯಬಹುದಾದ ದುರಂತ ಇದು. ಈಗ ವೈರಸ್ ಇದೆಯೇ ಎಂದು ತೋರಿಸುವ ಎಚ್‌ಬಿಎಸ್‌ಎಜಿ ಪರೀಕ್ಷೆ ಒಂದನ್ನೇ ಮಾಡಿಸಿ ಸುಮ್ಮನಾಗಬೇಡಿ. ಹಿಂದೆ ತಗುಲಿತ್ತೇ ಎಂದು ತೋರಿಸುವ ಆಂಟಿ ಎಚ್‌ಬಿಸಿ ಟೋಟಲ್, ರಕ್ಷಣೆ ಇದೆಯೇ ಎಂದು ತೋರಿಸುವ ಆಂಟಿ ಎಚ್‌ಬಿಎಸ್ ಸೇರಿ ಮೂರೂ ಬೇಕು. ಎಚ್‌ಬಿಎಸ್‌ಎಜಿ ಪಾಸಿಟಿವ್ ಇದ್ದರೆ ಎಂಟೆಕವಿರ್ 0.5 ಮಿ.ಗ್ರಾಂ. ಅಥವಾ ಟೆನೊಫೊವಿರ್ ದಿನಕ್ಕೊಂದು. ಸಾಧ್ಯವಾದರೆ ಬಯಾಲಜಿಕ್‌ಗೆ ಎರಡು ವಾರ ಮೊದಲೇ ಶುರು ಮಾಡಬೇಕು. ಎಂಟೆಕವಿರ್ ಖಾಲಿ ಹೊಟ್ಟೆಯಲ್ಲಿ, ಊಟಕ್ಕೂ ಅದಕ್ಕೂ ಎರಡು ಗಂಟೆ ಅಂತರವಿರಲಿ. ಬಯಾಲಜಿಕ್ ನಿಂತ ಮೇಲೂ ಕನಿಷ್ಠ 6ರಿಂದ 12 ತಿಂಗಳು ಮುಂದುವರಿಸಬೇಕು. "ಈಗ ಚೆನ್ನಾಗಿದ್ದೇನೆ" ಎಂದು ಅರ್ಧಕ್ಕೆ ಬಿಟ್ಟಾಗಲೇ ವೈರಸ್ ಸಿಡಿದೇಳುವುದು. ಹೆಪಟೈಟಿಸ್ ಸಿ, ಎಚ್‌ಐವಿ, ಕ್ಷಯದ ಪರೀಕ್ಷೆಗಳೂ ಇದೇ ಹೊತ್ತಿಗೆ ಆಗಿಬಿಡಲಿ.

ಮೂರೂ ನೆಗೆಟಿವ್ ಇದ್ದರೆ ಲಸಿಕೆ ಹಾಕಿಸಿ: 0, 1, 6 ತಿಂಗಳು. ಮುಗಿದ ಒಂದೆರಡು ತಿಂಗಳಿಗೆ ಆಂಟಿ ಎಚ್‌ಬಿಎಸ್ 10 ದಾಟಿದೆಯೇ ನೋಡಿಸಿ. ಈ ಔಷಧಿಗಳ ಮೇಲಿರುವವರಿಗೆ ಲಸಿಕೆ ಹತ್ತದಿರುವುದು ಸಾಮಾನ್ಯ, ಆಗ ಇನ್ನೊಂದು ಸುತ್ತು ಹಾಕುತ್ತಾರೆ.

ಸರ್ಪಸುತ್ತು ಬಂದಿದೆ. ಕೆಮ್ಮಣ್ಣು ಹಚ್ಚಿದರೆ ಸಾಲದೇ?

ಸಾಲದು. ಸರ್ಪಸುತ್ತು ಎಂದರೆ ಹಿಂದೆ ಬಂದು ಹೋದ ಚಿಕನ್‌ಪಾಕ್ಸ್ ವೈರಸ್ ನರದಲ್ಲಿ ಮತ್ತೆ ಎದ್ದಿರುವುದು. ಟೊಫಾಸಿಟಿನಿಬ್ ತೆಗೆದುಕೊಳ್ಳುವವರಲ್ಲಿ ಇದರ ಸಾಧ್ಯತೆ ಹೆಚ್ಚು. ಗುಳ್ಳೆ ಕಂಡ 72 ಗಂಟೆಯೊಳಗೆ ವಾಲಾಸಿಕ್ಲೊವಿರ್ 1 ಗ್ರಾಂ ದಿನಕ್ಕೆ ಮೂರು ಸಲ, ಅಥವಾ ಎಸೈಕ್ಲೊವಿರ್ 800 ಮಿ.ಗ್ರಾಂ. ದಿನಕ್ಕೆ ಐದು ಸಲ, ಏಳು ದಿನ ಕೊಡುತ್ತಾರೆ. ಮಣ್ಣು ಹಚ್ಚಿದರೆ ಒಡೆದ ಗುಳ್ಳೆಗೆ ಬೇರೆ ಸೋಂಕು ಸೇರುತ್ತದೆ. ಕಣ್ಣಿನ ಸುತ್ತ ಅಥವಾ ಮೂಗಿನ ತುದಿಯಲ್ಲಿ ಗುಳ್ಳೆ ಎದ್ದರೆ ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಿ. ದೇಹದ ಎರಡೂ ಕಡೆ ಹರಡಿದರೆ ಅಡ್ಮಿಷನ್ ಬೇಕು.

ಜೀವಂತ ವೈರಸ್ ಇಲ್ಲದ ಶಿಂಗ್ರಿಕ್ಸ್ ಲಸಿಕೆ 2023ರಿಂದ ಇಲ್ಲಿ ಸಿಗುತ್ತಿದೆ. ಎರಡು ಡೋಸ್. ಬೆಲೆ ಹೆಚ್ಚು, ಮರುದಿನ ತೋಳುನೋವು ಜ್ವರ ಬರುವುದೂ ಹೌದು. ಆದರೂ ಟೊಫಾಸಿಟಿನಿಬ್ ಶುರು ಮಾಡುವ ಮುನ್ನ ಇದನ್ನು ವೈದ್ಯರಲ್ಲಿ ಕೇಳಲೇಬೇಕು.

ಅಜಾಥಿಯೊಪ್ರಿನ್ ಶುರುವಾದ ಮೇಲೆ ಇಷ್ಟು ಸಲ ರಕ್ತ ಪರೀಕ್ಷೆ ಏಕೆ?

ಎನ್‌ಯುಡಿಟಿ15 ಎಂಬ ಜೀನಿನ ಒಂದು ಬದಲಾವಣೆ ಏಷ್ಯಾದವರಲ್ಲಿ, ಭಾರತೀಯರಲ್ಲೂ, ಕಾಣುತ್ತದೆ. ಅದಿರುವವರಿಗೆ ಸಾಮಾನ್ಯ ಡೋಸೇ ವಿಷವಾಗಿ, ಮೊದಲ ವಾರಗಳಲ್ಲೇ ಬಿಳಿ ಕಣ ನೆಲಕಚ್ಚುತ್ತದೆ, ಕೂದಲು ಉದುರುತ್ತದೆ. ಸಾಧ್ಯವಿದ್ದರೆ ಜೀನ್ ಪರೀಕ್ಷೆ ಮೊದಲೇ ಮಾಡಿಸಿ. ಅದು ನೆಗೆಟಿವ್ ಬಂದರೂ ಮೊದಲ ತಿಂಗಳು ವಾರಕ್ಕೊಮ್ಮೆ, ಆಮೇಲೆ ಅಂತರ ಹೆಚ್ಚಿಸುತ್ತಾ ಮೂರು ತಿಂಗಳಿಗೊಮ್ಮೆ ಸಿಬಿಸಿ ತಪ್ಪಿಸುವಂತಿಲ್ಲ. ಎಪ್‌ಸ್ಟೀನ್-ಬಾರ್ ವೈರಸ್ ಎಂದೂ ತಗುಲಿರದ ಹದಿಹರೆಯದ ಹುಡುಗರಲ್ಲಿ ಈ ಔಷಧಿ ಲಿಂಫೋಮಾ ಎಂಬ ಕ್ಯಾನ್ಸರಿನ ಅಪಾಯ ತರಬಹುದಾದ್ದರಿಂದ ಅವರಿಗೆ ಆ ಐಜಿಜಿ ಪರೀಕ್ಷೆಯನ್ನೂ ಮಾಡುತ್ತಾರೆ.

ಯಾವ ಲಸಿಕೆ ಹಾಕಿಸಬಹುದು, ಯಾವುದು ಬಾರದು?

ಸತ್ತ ವೈರಸ್ಸಿನ ಲಸಿಕೆಗಳು ಎಲ್ಲರಿಗೂ ಆಗುತ್ತವೆ. ಫ್ಲೂ ಇಂಜೆಕ್ಷನ್ ಪ್ರತಿ ವರ್ಷ ಮಳೆಗಾಲಕ್ಕೆ ಮುನ್ನ, ಮೇ ತಿಂಗಳ ಹೊತ್ತಿಗೆ. ಮೂಗಿಗೆ ಸಿಂಪಡಿಸುವ ಫ್ಲೂ ಲಸಿಕೆ ಜೀವಂತ ವೈರಸ್ಸಿನದು, ಬೇಡ. ಎಂಎಂಆರ್, ಚಿಕನ್‌ಪಾಕ್ಸ್, ಹಳದಿ ಜ್ವರದ ಲಸಿಕೆಗಳೂ ಜೀವಂತ. ಇವು ಬೇಕಿದ್ದರೆ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ಶುರುವಾಗುವುದಕ್ಕೆ ಕನಿಷ್ಠ ನಾಲ್ಕು ವಾರ ಮೊದಲು ಮುಗಿಸಿರಬೇಕು. ಹೆಪಟೈಟಿಸ್ ಎ ವಿಷಯದಲ್ಲಿ ಹುಷಾರು. ನಮ್ಮಲ್ಲಿ ಅದರ ಎರಡು ಜಾತಿಯ ಲಸಿಕೆಯೂ ಮಾರುಕಟ್ಟೆಯಲ್ಲಿವೆ. ಬಯೊವ್ಯಾಕ್-ಎ ಜೀವಂತ, ಹ್ಯಾವ್ರಿಕ್ಸ್ ನಿಷ್ಕ್ರಿಯ. ಸಿರಿಂಜಿಗೆ ಏರಿಸುವ ಮೊದಲು ಡಬ್ಬಿಯ ಹೆಸರು ಓದಿ.

ಕೋವಿಡ್ ಬಗ್ಗೆ ಈಗಲೂ ಚಿಂತೆ ಬೇಕೇ?

ಸೆಕ್ಯೂರ್-ಐಬಿಡಿ ಎಂಬ ಅಂತರರಾಷ್ಟ್ರೀಯ ದಾಖಲೆಯಲ್ಲಿ 2020ರಲ್ಲೇ ಕಂಡದ್ದು: ತೀವ್ರ ಕೋವಿಡ್ ಜೊತೆ ನಂಟಿದ್ದುದು ಸ್ಟೀರಾಯ್ಡಿಗೆ, ಟಿಎನ್‌ಎಫ್ ವಿರೋಧಿ ಇಂಜೆಕ್ಷನ್‌ಗಲ್ಲ. ಇಂದಿಗೂ ಪಾಠ ಅದೇ: ಬಯಾಲಜಿಕ್‌ಗೆ ಹೆದರಿ ಸ್ಟೀರಾಯ್ಡಿನಲ್ಲೇ ತಿಂಗಳುಗಟ್ಟಲೆ ಉಳಿಯುವುದು ಸುರಕ್ಷಿತವಲ್ಲ.

ರೋಗನಿರೋಧಕ ಶಕ್ತಿಗೆ ಅಮೃತಬಳ್ಳಿ ಕಷಾಯ, ಪರಂಗಿ ಎಲೆ ರಸ ಕುಡಿಯಬಹುದೇ?

ಅಮೃತಬಳ್ಳಿ ಸೇವಿಸಿದವರಲ್ಲಿ ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳನ್ನು 2021ರಲ್ಲಿ ಮುಂಬೈನ ವೈದ್ಯರು ವರದಿ ಮಾಡಿದ್ದಾರೆ. ಅಜಾಥಿಯೊಪ್ರಿನ್ ಕೂಡ ಲಿವರ್‌ಗೆ ಭಾರ. ಎರಡೂ ಸೇರಿ ಎನ್‌ಜೈಮ್ ಏರಿದರೆ ಯಾವುದು ಕಾರಣ ಎಂದು ಗೊತ್ತಾಗದೆ ಒಳ್ಳೆಯ ಔಷಧಿಯೇ ನಿಲ್ಲಬಹುದು. ಪರಂಗಿ ಎಲೆ ರಸ ಹೊಟ್ಟೆ ಕೆಡಿಸುತ್ತದೆ. ಎರಡೂ ಬೇಡ. ಏನನ್ನಾದರೂ ಕುಡಿದಿದ್ದರೆ ಬೈಯುತ್ತಾರೆಂದು ಮುಚ್ಚಿಡದೆ ಹೇಳಿಬಿಡಿ.

ಬೀದಿ ನಾಯಿ ತರಚಿತು, ರಕ್ತ ಬಂದಿಲ್ಲ. ಬರೀ ಲಸಿಕೆಯ ಕೋರ್ಸ್ ಸಾಕೇ?

ಉಳಿದವರಿಗೆ ಸಾಕು, ನಿಮಗಲ್ಲ. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿಯ ಮೇಲಿರುವವರಿಗೆ ರಕ್ತ ಬಾರದ ತರಚು ಗಾಯಕ್ಕೂ ಲಸಿಕೆಯ ಪೂರ್ತಿ ಕೋರ್ಸ್ ಜೊತೆ ರೇಬೀಸ್ ಇಮ್ಯುನೊಗ್ಲೋಬ್ಯುಲಿನ್ ಬೇಕು. ಮೊದಲು ಹರಿಯುವ ನೀರು, ಸೋಪಿನಲ್ಲಿ 15 ನಿಮಿಷ ತೊಳೆಯಿರಿ. ಚೀಟಿ ಮಾಡಿಸುವಾಗಲೇ ನೀವು ಯಾವ ಔಷಧಿಯಲ್ಲಿದ್ದೀರಿ ಎಂದು ಹೇಳಿ, ಇಲ್ಲದಿದ್ದರೆ ಯಾರೂ ಕೇಳುವುದಿಲ್ಲ.

ಗರ್ಭಿಣಿಯಾಗಿದ್ದಾಗ ಇನ್‌ಫ್ಲಿಕ್ಸಿಮ್ಯಾಬ್ ಮುಂದುವರಿದಿತ್ತು. ಮಗುವಿಗೆ ಹುಟ್ಟಿದ ಕೂಡಲೇ ಹಾಕುವ ಲಸಿಕೆಗಳು ಸರಿಯೇ?

ಇಲ್ಲಿ ಮುನ್ನೆಚ್ಚರಿಕೆ ಬೇಕು. ಇನ್‌ಫ್ಲಿಕ್ಸಿಮ್ಯಾಬ್ ಕೊನೆಯ ತಿಂಗಳುಗಳಲ್ಲಿ ಮಾಸು (ಪ್ಲಾಸೆಂಟಾ) ದಾಟಿ ಮಗುವಿನ ರಕ್ತಕ್ಕೆ ಸೇರಿ ಅಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ನಮ್ಮ ಹೆರಿಗೆ ಆಸ್ಪತ್ರೆಗಳಲ್ಲಿ ಬಿಸಿಜಿ ಮತ್ತು ಪೋಲಿಯೊ ಹನಿಯನ್ನು ಡಿಸ್ಚಾರ್ಜ್‌ಗೆ ಮೊದಲೇ ಹಾಕಿಬಿಡುತ್ತಾರೆ, ಎರಡೂ ಜೀವಂತ. ಇಂಥ ಒಂದು ಮಗು ಬಿಸಿಜಿಯ ನಂತರ ತೀರಿಕೊಂಡ ಪ್ರಕರಣ 2010ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಗಿದೆ. ಬಿಸಿಜಿ, ಪೋಲಿಯೊ ಹನಿ, ರೋಟಾವೈರಸ್ ಹನಿ ಇವುಗಳನ್ನು ಕನಿಷ್ಠ ಆರು ತಿಂಗಳು ಮುಂದೂಡಬೇಕು, ಒಂದು ವರ್ಷ ಕಾಯಿರಿ ಎನ್ನುವ ತಜ್ಞರೂ ಇದ್ದಾರೆ. ಪೋಲಿಯೊಗೆ ಇಂಜೆಕ್ಷನ್ ರೂಪದ ಲಸಿಕೆ ಇದೆ. ಹೆಪಟೈಟಿಸ್ ಬಿ ಮೊದಲ ಡೋಸ್ ಮಾತ್ರ ಹುಟ್ಟಿದ ದಿನವೇ ಹಾಕಿಸಿ, ಅದಕ್ಕೆ ಅಡ್ಡಿಯಿಲ್ಲ. ಹೆರಿಗೆಗೆ ಒಂದು ತಿಂಗಳಿರುವಾಗಲೇ ಈ ಜೀವಂತ ಲಸಿಕೆಗಳನ್ನು ಮುಂದೂಡಿ ಎಂದು ನಿಮ್ಮ ಹೊಟ್ಟೆಯ ವೈದ್ಯರಿಂದ ಎರಡು ಸಾಲಿನ ಚೀಟಿ ಬರೆಸಿಕೊಳ್ಳಿ. ಒಂದು ಪ್ರತಿ ತಾಯಿ ಕಾರ್ಡಿನ ಮೊದಲ ಪುಟಕ್ಕೆ ಅಂಟಿರಲಿ, ಇನ್ನೊಂದು ಹೆರಿಗೆ ವಾರ್ಡಿಗೆ ಬರುವ ಅಜ್ಜಿಯ ಕೈಯಲ್ಲಿರಲಿ. ಲಸಿಕೆ ಹಾಕಲು ನರ್ಸ್ ಬರುವ ಹೊತ್ತಿಗೆ ತಾಯಿ ನಿದ್ದೆಯಲ್ಲಿರಬಹುದು.